ಬಡಗಣ ಗೋಡೆ

ಪರೀಕ್ಷೆ ಮುಗಿಯೋವರೆಗೂ ಅಂತ
ಹೇಮಂತನ ಕೈಯಿಂದ ಫೋನು ಕಿತ್ತಿಟ್ಟುಕೊಂಡೆ.
ಆಟ ಅಳಿಸಿಬಿಡೋಣ ಅಂತಲೇ ತೆರೆದದ್ದು.
ಕೋಟೆಗೆ ಬಡಗಣ ಗೋಡೆಯೇ ಇಲ್ಲ!
ಕದ ಇಲ್ಲದ ಕೊಟ್ಟಿಗೆ ಬಿಟ್ಟು ಮಲಗೋದು ಹೆಂಗೆ?
ಒಂದೇ ಒಂದು ಗೋಡೆ ಕಟ್ಟಿದೆ.

ಈಗ ಕೆಸ್ತೂರಿನ ಡೈರಿ ಮುಂದೆ ಬೆಳಗಿನ ಐದೂವರೆಗೆ
ಕ್ಯಾನು ಹಿಡಿದ ಸಾಲು ಕಾಯುತ್ತದೆ,
ಲ್ಯಾಕ್ಟೋಮೀಟರು ಹಾಲಲ್ಲಿ ತೊನೆಯುತ್ತದೆ,
ನಾನು ಬಿಲ್ಲುಗಾರರನ್ನು ಎಣಿಸುತ್ತೇನೆ.
‘ಫ್ಯಾಟ್ ಎಷ್ಟು ಬಂತವ್ವ?’ ಅಂದಳು ಚಿಕ್ಕತಾಯಮ್ಮ.
‘ಮುನ್ನೂರು’ ಅಂದುಬಿಟ್ಟೆ.

ಕೊನೇ ಪೇಪರು ಬರೆದು ಮಂಡ್ಯದಿಂದ ಬಂದವನು
ಕೈ ಚಾಚಿದ. ಕೊಟ್ಟೆ.
ಪರದೆ ನೋಡಿದ. ನನ್ನ ನೋಡಿದ.
‘ಅವ್ವ, ನಾನು ಬಿಟ್ಟಾಗ ಆರನೇ ಲೆವೆಲ್ಲು.’

ಹಸುವಿಗೆ ಹುಲ್ಲು ಹಾಕಬೇಕು ಅಂತ ಎದ್ದೆ.
ಬಾಗಿಲಲ್ಲಿ ಕಾಲು ತಡೆಯಿತು:
‘ಪಡುವಣದ ಕಾವಲು ಮಾತ್ರ ತೆಗೀಬ್ಯಾಡ ಕಣ್ಲಾ,
ರಾತ್ರಿ ಆ ಕಡೆಯಿಂದಲೇ ಬತ್ತಾರೆ.’