ಕತ್ತರಿ, ಪಕ್ಕದಲ್ಲಿ ಕತ್ತರಿ

ಬೈತಖೋಲದ ಬೋಟುಗಳಿಗೆ ಹೆಸರು ಬರೆಯುವವನು ನಾನು.
ಹಳದಿ ಪೇಂಟಿನಲ್ಲಿ ನಂಬರು, ಕೆಳಗೆ ದೇವರು,
ದೇವರು ಜಾಸ್ತಿಯಾದಲ್ಲಿ ಮೊಮ್ಮಗಳು.
ಮಳೆಯ ಎರಡು ತಿಂಗಳು
ಬೋಟು ಮೇಲೆ, ಬ್ರಶ್ಶು ಸೀಮೆಎಣ್ಣೆಯಲ್ಲಿ.

ಆಗ ಸಿಕ್ಕಿತು ಕಾರವಾರದ ಲೈಬ್ರರಿ ಕೆಲಸ,
ಕಪಾಟುಗಳಿಗೆ ಅಂಕಿ.
ನಾನೂರ ಹನ್ನೊಂದರಿಂದ ಒಂದು ಪುಸ್ತಕ ಜಾರಿತು:
ಐಬೀರಿಯಾ ಎಂಬ ದೂರದ ನೆಲ,
ಎರಡು ಸಾವಿರ ವರ್ಷದ ಸೀಸದ ತಗಡು,
ಚಾಪೆಯಂತೆ ಸುತ್ತಿಟ್ಟದ್ದು. ಬಿಡಿಸಿದರೆ ಅಕ್ಷರ.

ನೆಟ್ಟಗೆ ನಿಂತ ಗೀಟು ಬ, ಅಥವಾ ಪ.
ನಡುವೆ ಚುಕ್ಕಿಯಿಟ್ಟ ಬಳೆ ಕು, ಇಲ್ಲವೇ ಗು.
ತ್ರಿಕೋನ ತು, ದು. ಕತ್ತರಿ ತ, ದ.
ಎಂಥ ಜಿಪುಣರು!
ನಮ್ಮಲ್ಲಿ ಕ-ಕಾರದ ಕೇರಿಗೇ ನಾಲ್ಕು ಮನೆ.
ಕೆಲವರು ಒಂದು ಗೀಟು ಹೆಚ್ಚು ಎಳೆದು
ತ-ವನ್ನು ಬೇರೆ ಮಾಡುತ್ತಿದ್ದರಂತೆ, ಎಲ್ಲರೂ ಅಲ್ಲ.
ಉಚ್ಚಾರ ಸಿಕ್ಕಿದೆ, ಅರ್ಥ ಸಿಕ್ಕಿಲ್ಲ.
ಇಡೀ ತಗಡನ್ನು ಗಟ್ಟಿಯಾಗಿ ಓದಬಹುದು,
ಏನು ಓದಿದೆ ಎಂದು ಮಾತ್ರ ಕೇಳಬಾರದು.

ನಮ್ಮ ಮನೆಮಾತು ಕೊಂಕಣಿ.
ಇಲ್ಲಿ ಕನ್ನಡದ ಅಂಗಿ, ಕಾಳಿಯ ಸೇತುವೆ ದಾಟಿ
ಉತ್ತರಕ್ಕೆ ಹೋದರೆ ನಾಗರಿಯದು,
ಇಗರ್ಜಿಯ ಓಣಿಯಲ್ಲಿ ಇಂಗ್ಲಿಷ್ ಅಕ್ಷರದ್ದು.
ಮೈಯಿದೆ, ಸ್ವಂತದ ಅಂಗಿಯಿಲ್ಲ.
ಆ ತಗಡಿನಲ್ಲಿ ಬರೀ ಅಂಗಿ,
ಹಗ್ಗದ ಮೇಲೆ, ಗಾಳಿಗೆ ಕೈ ಆಡಿಸುತ್ತ.

ಮರುವಾರ ಶೆವಂತಿಬಾಯಿ ಬಲೆ ಹೊಲಿಯುತ್ತಿದ್ದಳು.
ಸೀಸದ ಪ್ರತಿ ಗುಂಡಿನ ಮೇಲೂ
ಮೊಳೆಯಿಂದ ಗೀರಿದ ಕತ್ತರಿ,
ಪಕ್ಕದಲ್ಲಿ ಇನ್ನೊಂದು ಕತ್ತರಿ.
ಯಾರ ಬಲೆ ಯಾರದೋ ಆಗದಿರಲಿ ಎಂದು.
ಓದಿದೆ. ತಟ. ದಡ.
ತಡ, ತಾತ ಅಂದರೂ ನಡೆದೀತು,
ಹ್ರಸ್ವ ದೀರ್ಘ ಅವರ ಲೆಕ್ಕಕ್ಕಿಲ್ಲ.
"ಬಾಯಿ, ನಿನ್ನ ಬಲೆಯ ಸುತ್ತ ದಡ ಅಂತ ಬರೆದಿದೆ."

ಅವಳು ನೂಲನ್ನು ಹಲ್ಲಲ್ಲಿ ಕಡಿದಳು.
"ನನಗೆಲ್ಲಿ ಬರೆಯಲು ಬರುತ್ತದೆ.
ಅವನು ಗೀರುತ್ತಿದ್ದ, ಹಾಗೇ ಗೀರುತ್ತೇನೆ."
"ಅವನು ಅಂದರೆ?"
"ದಾದಾ. ನಮ್ಮ ಮನೆಯ ಹಿರಿಯವ.
ಅಂಜುದೀವದ ಆಚೆ ಹೋದವನು."

ಪುಸ್ತಕದ ಮಾತು ಮತ್ತೆ ಎತ್ತಲಿಲ್ಲ.
ಒಂದು ಗುಂಡು ಕೈಗೆತ್ತಿಕೊಂಡೆ.
ಗೀರು ಇವತ್ತಿನದು, ಸೀಸ ಒಳಗೆ ಇನ್ನೂ ಬೆಳ್ಳಗಿತ್ತು.
"ಈ ಸಲ ಬೋಟಿಗೆ ಏನು ಬರೆಯಲಿ?"
"ನಂಬರು ಸಾಕು" ಅಂದಳು.