ಗೋಡೆಗೆ ಗುದ್ದು

ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದಿದ್ದೆ
ಹದಿನಾರು ಜಿಬಿ ರ‍್ಯಾಮು, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು:
ಮೊಳದುದ್ದ, ಎರಡು ಫ್ಯಾನು, ಯಾರೋ ಆಡಿ ಬಿಟ್ಟದ್ದು.
"ಅಕ್ಕಾ, ಇನ್ನು ನಿಮ್ಮ ಮಷೀನು ಕುದುರೆ" ಅಂದ ಜಬೀವುಲ್ಲಾ,
ಹಳೇ ಕ್ಯಾಬಿನೆಟ್ಟಿನ ತಗಡನ್ನು ಮೊಣಕಾಲಲ್ಲಿ ಒತ್ತಿ ಮುಚ್ಚುತ್ತ.
ಒಂದು ಸ್ಕ್ರೂ ಮಿಕ್ಕಿತು. ಜೇಬಿಗೆ ಹಾಕಿಕೊಂಡ.

ಕುದುರೆಯೇನೋ ಹೌದು.
ಚಿ||ರಾ|| ಬರೆದು ಚಿ||ಸೌ||ಗೆ ಬರುವಷ್ಟರಲ್ಲಿ
ಮುಗ್ಗರಿಸುತ್ತಿತ್ತು. ಪರದೆ ಕಪ್ಪು. ಒಂದು ಬೀಪು.
ಮತ್ತೆ ಎದ್ದು ಕೂರುತ್ತಿತ್ತು
ಈಗಷ್ಟೇ ಮುಖ ತೊಳೆದವರ ಹಾಗೆ.

ನೀಲಿ ಪರದೆ ಇಲ್ಲ, ಗೊಣಗಾಟ ಇಲ್ಲ.
ಲಾಗಿನಲ್ಲಿ ಮಾತ್ರ ಒಂದು ಸಾಲು: ನಲವತ್ತೊಂದು, ಕರ್ನಲ್ ಪವರ್.
"ಏನೋ ಹಂಗಂದ್ರೆ?"
"ಸತ್ತೋಯ್ತು ಅಂತ ಬರ್ದದೆ ಅಕ್ಕಾ.
ಯಾಕೆ ಅಂತ ಬರ್ದಿಲ್ಲ."

ರ‍್ಯಾಮಿನ ಚಿನ್ನದ ಹಲ್ಲುಗಳನ್ನು
ನನ್ನ ಮಗಳ ರಬ್ಬರಿನಲ್ಲಿ ಉಜ್ಜಿದ.
ರಾತ್ರಿಯಿಡೀ ಪರೀಕ್ಷೆ. ಬೆಳಿಗ್ಗೆ: ತಪ್ಪು ಸೊನ್ನೆ.
ನಾನೂರೈವತ್ತು ವ್ಯಾಟಿನ ಎಸ್‌ಎಂಪಿಎಸ್ ಸಾಲದು ಅಂದ,
ಆರುನೂರೈವತ್ತರದ್ದು ಬಂತು, ಬಿಲ್ಲಿಲ್ಲದೆ.
ಮೂರು ದಿನ ಸುಮ್ಮನಿತ್ತು.
ಆ ಮೂರು ದಿನ ಸುಲ್ತಾನ್‌ಪೇಟೆಗೇ ಹಬ್ಬದ ರಜೆ
ಅನ್ನೋದು ಆಗ ಹೊಳೆಯಲಿಲ್ಲ.
ಯುಪಿಎಸ್ಸು, ಅರ್ಥಿಂಗು, ಬಿಲ್ಡಿಂಗ್ ಓನರು ಕುಪ್ಪಣ್ಣ,
ಎಲ್ಲರನ್ನೂ ಬೈದಾಯಿತು.
ಪಕ್ಕದ ಬೈಂಡಿಂಗಿನ ಶಕುಂತಲಮ್ಮ
ದೃಷ್ಟಿಗೆಂದು ನಿಂಬೆಹಣ್ಣು ತಂದಿಟ್ಟರು.
ಜಬೀವುಲ್ಲಾ ಅದನ್ನು ಫ್ಯಾನಿನಿಂದ ಚೂರು ದೂರ ಸರಿಸಿದ, ಮರ್ಯಾದೆಯಿಂದ.

ಆ ನಡುವೆಯೇ ಮಾಗಡಿ ರೋಡಿನ ಮದುವೆ.
ಗಂಡು, ಶ್ರೀ ಚಿಕ್ಕಗಂಗಪ್ಪನವರ ಮೊಮ್ಮಗ.
ಎರಡನೇ ಪ್ರೂಫಿನ ದಿನ ಚಿಕ್ಕಗಂಗಪ್ಪ ಹೋದರು.
"ಮೇಡಂ, ತಾತನ ಶ್ರೀ ತೆಗೆದು ದಿ|| ಹಾಕಿಬಿಡಿ"
ಅಂದ ಹುಡುಗ, ಹಿಂದೆ ತಮಟೆ ಕೇಳುತ್ತಿತ್ತು.
ಹಾಕಿದೆ. ಎರಡು ಗೆರೆ ಎಳೆದೆ. ಬೀಪು.
ಎದ್ದ ಮಷೀನು ಕೇಳಿತು:
ಹಳೇ ಫೈಲು ಉಳಿಸಿಟ್ಟಿದ್ದೇನೆ, ತೆಗೆಯಲೇ?
ಊಟದ ಹೊತ್ತು. ತೆಗಿ ಅಂದೆ.
ನೋಡದೆ ಪ್ಲೇಟಿಗೆ ಕಳಿಸಿದೆ.

ಐನೂರು ಕಾರ್ಡಿನಲ್ಲಿ ಚಿಕ್ಕಗಂಗಪ್ಪ
ಅರಿಶಿನ ಬಣ್ಣದ ಅಕ್ಷರದಲ್ಲಿ ಬದುಕಿದ್ದರು.
ಹುಡುಗ ಬಂದು ನೋಡಿದ. ಕೂಗಾಡಲಿಲ್ಲ.
ಒಂದು ಕಾರ್ಡು ಜೇಬಿಗಿಟ್ಟು
"ಉಳಿದದ್ದು ಬೇರೆ ಮಾಡಿಕೊಡಿ" ಅಂದ.
ಖರ್ಚು ನನ್ನದು.

ಅಂದಿನಿಂದ ಆ ಕಾರ್ಡುಗಳ ಹಿಂದೆ ಬರೆಯತೊಡಗಿದೆ:
ಹನ್ನೊಂದು ನಲವತ್ತು. ಹನ್ನೆರಡೂ ಹತ್ತು. ಮೂರೂ ಇಪ್ಪತ್ತು.
ಬರೆಯುತ್ತ ಬರೆಯುತ್ತ ಕೈಗಿಂತ ಮೊದಲು ಕಿವಿಗೆ ತಿಳಿಯಿತು:
ಪ್ರತಿ ಸಲ ಬೀಪಿಗೆ ಮುಂಚೆ ಒಂದು ಧಡ್.
ಗೋಡೆಯಾಚೆ ಶಕುಂತಲಮ್ಮನ ಕಟಿಂಗ್ ಮಷೀನು
ರೀಮುಗಟ್ಟಲೆ ಕಾಗದದ ಮೇಲೆ ಅಲಗು ಇಳಿಸುವ ಸದ್ದು.

"ಜಬೀ, ಗೋಡೆಗೆ ಗುದ್ದು."
ನನ್ನ ಮುಖ ನೋಡಿದ. ಗುದ್ದಿದ.
ಏನಿಲ್ಲ.
"ಸರಿಯಾಗಿ ಗುದ್ದೋ!"
ಪರದೆ ಕಪ್ಪು. ಬೀಪು.

ತಗಡು ಬಿಚ್ಚಿ ಟಾರ್ಚು ಹಿಡಿದೆವು.
ಮೊಳದುದ್ದದ ಕಾರ್ಡಿನ ಬಾಲ
ವೈರುಗಳನ್ನು ತಗಡಿನ ಅಂಚಿಗೆ ಒತ್ತಿತ್ತು.
ಅದರಲ್ಲಿ ಒಂದು, ಕೂದಲಿಗಿಂತ ಚೂರು ದಪ್ಪ, ಸಿಪ್ಪೆ ಸುಲಿದಿತ್ತು:
ರೀಸೆಟ್ ಗುಂಡಿಯದು.
ಆರು ವರ್ಷದಲ್ಲಿ ಒಮ್ಮೆಯೂ ನಾನು ಒತ್ತದ ಗುಂಡಿ.
ಧಡ್ ಅಂದಾಗಲೆಲ್ಲ ತಾಮ್ರ ತಗಡಿಗೆ ತಾಗಿ
ಗೋಡೆಯೇ ಅದನ್ನು ಒತ್ತುತ್ತಿತ್ತು.

"ಕಿತ್ತೇಬಿಡಲಾ?"
ಬೇಡ ಅಂದೆ. ಯಾವತ್ತಾದರೂ ಬೇಕಾದೀತು.
ಟೇಪು ಮುಗಿದಿತ್ತು. ಕೈಗೆ ಸಿಕ್ಕಿದ್ದು ರದ್ದಿ ಕಾರ್ಡು,
ಮುನ್ನೂರು ಜಿಎಸ್‌ಎಂ, ಗಟ್ಟಿ.
ಎರಡು ಬೆರಳಗಲ ಕತ್ತರಿಸಿ
ವೈರಿಗೂ ತಗಡಿಗೂ ಮಧ್ಯೆ ತೂರಿಸಿದ.
ಮುಚ್ಚುವಾಗ ಕಂಡಿತು:
"ಶ್ರೀ ಚಿಕ್ಕಗಂ" ಅಂತ ಅಲ್ಲಿಗೆ ನಿಂತಿತ್ತು ಹೆಸರು.

ಹನ್ನೊಂದು ವಾರವಾಯಿತು.
ಆಚೆ ಅಲಗು ಇಳಿಯುತ್ತದೆ, ಟೇಬಲ್ಲು ನಡುಗುತ್ತದೆ,
ಒಳಗೆ ಯಜಮಾನರು ಅಲ್ಲಾಡುವುದಿಲ್ಲ.
ಮೊನ್ನೆ ಮಾತ್ರ ಒಮ್ಮೆ ಪರದೆ ಕಪ್ಪಾಯಿತು,
ಎದೆ ಧಸಕ್ಕೆಂದಿತು.
ಬೀದಿಯೆಲ್ಲ ಕತ್ತಲು.
ಬೆಸ್ಕಾಂ.