ಬಟ್ಟೆ

ನಾಪೋಕ್ಲಿನ ಆಸ್ಪತ್ರೆಯಲ್ಲಿ ನನ್ನ ಮೂರನೆಯ ವಾರ.
ಕಾಫಿ ಹೂ ಬಿರಿದ ರಾತ್ರಿ.
ಕಿಟಕಿ ಮುಚ್ಚಿದರೂ ವಾರ್ಡಿನ ತುಂಬ ಅದೇ ಗಮಲು,
ಫಿನಾಯಿಲನ್ನೂ ಸೋಲಿಸಿ.
ಮೂರು ಗಂಟೆ ಹತ್ತು ನಿಮಿಷಕ್ಕೆ ಹೆಣ್ಣು,
ಎರಡು ಕಿಲೋ ಆರುನೂರು.

ಒರೆಸಿದೆ. ಹೊಕ್ಕುಳಿಗೆ ಕ್ಲಿಪ್ಪು ಹಾಕಿದೆ.
ಬಾಗಿಲಿಗೆ ಬಂದು ಕೈ ಚಾಚಿದೆ:
'ಬಟ್ಟೆ, ಅಜ್ಜಿ, ಬಟ್ಟೆ!'

ಚೋಂದವ್ವ ಬೆಂಚಿನಿಂದ ಎದ್ದು
ಕಿಟಕಿಯಾಚೆ ಬೆರಳು ತೋರಿಸಿದಳು.
ಅಲ್ಲಿ, ಇದ್ದೊಂದು ದೀಪದ ಕೆಳಗೆ,
ಭಾಗಮಂಡಲದ ಕಡೆ ಹೊರಳುವ ರಸ್ತೆ.
ಮತ್ತೆ ಕೇಳಿದೆ, ತುಸು ಗದರಿ.
ಮತ್ತೆ ತೋರಿಸಿದಳು, ತುಸು ಮರುಗಿ,
ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೊರಟೆ ಮಗಳೇ ಎಂಬಂತೆ.

ಕನ್ನಡ ಬಾರದವಳಲ್ಲ ಆಕೆ.
ನಿದ್ದೆಗಣ್ಣಿನಲ್ಲಿ
ಮನೆಮಾತೇ ಮೊದಲು ಎದ್ದಿತ್ತು, ಅಷ್ಟೆ.

ನೆಲ ಒರೆಸುತ್ತಿದ್ದ ಮುತ್ತಿ
ಬಕೆಟ್ಟು ಕೆಳಗಿಟ್ಟು ನಕ್ಕಳು:
'ಸಿಸ್ಟರೇ, ಕೊಡವರಿಗೆ ಬಟ್ಟೆ ಅಂದ್ರೆ ದಾರಿ.
ತುಣಿ ಅನ್ನಿ, ತುಣಿ.'

ತುಣಿಯ ಚೀಲ ಜೀಪಿನಲ್ಲೇ ಉಳಿದಿತ್ತು,
ಜೀಪು ಔಷಧಿಗೆಂದು ಮಡಿಕೇರಿಗೆ ಹೋಗಿತ್ತು.
ಚೋಂದವ್ವ ಒಂದು ಗಳಿಗೆ ನಿಂತಳು.
ಆಮೇಲೆ ಹಿಂದಲೆಗೆ ಕೈ ಹಾಕಿ ಗಂಟು ಬಿಚ್ಚಿ
ತಲೆಯ ವಸ್ತ್ರವನ್ನೇ ತೆಗೆದುಕೊಟ್ಟಳು.
ಅದಕ್ಕವರು ವಸ್ತ್ರ ಎಂದೇ ಅನ್ನುತ್ತಾರೆ,
ತಲೆಗೆ ಕಟ್ಟಿದರೆ ಮಾತ್ರ.
ಬರಿದಾದ ತಲೆಯಲ್ಲಿ ಆಕೆ ಹತ್ತು ವರ್ಷ ಮುದುಕಿಯಾದಳು.

ನಾನದನ್ನು ಮೂಲೆ ಮಡಿಸಿ ಹಾಸಿ
ಎಡದಿಂದೊಂದು ಸುತ್ತು, ಕಾಲಿಂದೊಂದು ಮಡಿಕೆ,
ಬಲದಿಂದ ಎಳೆದು ಸಿಕ್ಕಿಸಿದೆ.
ಅಳು ನಿಂತಿತು.
ಹಿಟ್ಟಿನ ಗಂಟಿನಂಥದ್ದೊಂದು ಮುಖ,
ತೆಂಗಿನೆಣ್ಣೆಯ, ಹೊಗೆಯ ವಾಸನೆಯೊಳಗೆ.

ಆಗ ನೆನಪಾಯಿತು: ಕುಷ್ಟಗಿಯ ಶಾಲೆ, ಒಂಬತ್ತನೆಯ ಇಯತ್ತೆ,
ಹಳಗನ್ನಡದ ಪಾಠದ ಕೊನೆಗೆ ಪದಗಳ ಅರ್ಥ.
ಬಟ್ಟೆ: ದಾರಿ.
ಉರು ಹೊಡೆದು ಬರೆದಿದ್ದೆ, ಒಂದು ಅಂಕ ಬಂದಿತ್ತು.
ಉಡುವ ಬಟ್ಟೆ, ನಡೆವ ಬಟ್ಟೆ,
ಎರಡೂ ಬೇರೆ ಬೇರಿನವು ಅಂದಿದ್ದರು ಮಾಸ್ತರರು,
ಮೇಜಿನ ಮೇಲಿನ ಸೀಮೆಸುಣ್ಣದ ಪುಡಿ ಊದುತ್ತ.
ಸತ್ತ ಪದ ಎಂದೇ ತಿಳಿದಿದ್ದೆ.
ಅದು ಇಲ್ಲಿ ಚಪ್ಪಲಿ ಮೆಟ್ಟಿ
ಹಾಲು ತರಲು ಹೋಗುತ್ತಿದೆ ದಿನಾ.

ನಮ್ಮ ಕಡೆ ಕೂಸಿಗೆ ಕುಂಚಿಗೆ.
ಹಳೆ ಇಳಕಲ್ಲಿನ ಅಂಚು ಕತ್ತರಿಸಿ
ಅವ್ವ ಹೊಲಿಯುತ್ತಿದ್ದಳು, ನೆತ್ತಿಗೆ ಮೊನೆ,
ಬೆನ್ನಿಗೆ ಇಳಿಬಿಟ್ಟ ಸೆರಗು, ಒಂದು ಕನ್ನಡಿಚೂರು.
ಯಾಕ ಅದಕ್ಕ ಕುಂಚಿಗಿ ಅಂತಾರ ಅಂದರೆ
ಹುಲಿಗೆವ್ವನ ಉತ್ತರ ಒಂದೇ:
'ಕೂಸಿಗೆ ಹಾಕ್ತಾರ, ಅದಕ್ಕ.'

ಇಲ್ಲಿ ಚೋಂದವ್ವ ಗಂಟಿನ ಮೇಲೆ ಬಾಗಿ
'ಕುಂಞಿ, ಕುಂಞಿ' ಅನ್ನುತ್ತಿದ್ದಾಳೆ.
ಕುಂಞಿ ಅಂದರೆ ಮಗು.
ಕುಂಞಿ, ಕುಂಚಿ, ಕುಂಚಿಗೆ.
ಅವ್ವ ಸರಿಯಾಗಿಯೇ ಹೇಳಿದ್ದಳೇ?
ಗೊತ್ತಿಲ್ಲ. ಇದು ನಿಘಂಟು ಹೇಳಿದ್ದಲ್ಲ,
ರಾತ್ರಿಪಾಳಿಯ ಕಿವಿ ಹೇಳಿದ್ದು.
ಪಂಡಿತರು ತಿದ್ದಲಿ. ನನಗೆ ಬಿ.ಪಿ. ನೋಡುವುದಿತ್ತು.

ಒಂದು ಕುಂಚಿಗೆ ನನ್ನ ಟ್ರಂಕಿನ ತಳದಲ್ಲೂ ಇದೆ,
ಒಮ್ಮೆಯೂ ತೊಳೆಯದ್ದು, ತೊಳೆಯುವ ಕಾರಣವೇ ಬಾರದ್ದು.
ಇಲ್ಲಿಗೆ ಬಂದ ಮೇಲೆ ಅದರ ಹೆಸರನ್ನು
ನಾನು ಬಾಯಿಬಿಟ್ಟು ಅಂದದ್ದಿಲ್ಲ.
ಆವತ್ತು ಅಂದೆ, ಮೆಲ್ಲಗೆ, ಮುತ್ತಿಗೆ ಕೇಳದಷ್ಟು.

ಮೂರನೆಯ ದಿನ ಜೀಪು ಬಂತು.
ಬೋಳುತಲೆಯಲ್ಲೇ ಮೊಮ್ಮಗಳನ್ನು ಎತ್ತಿಕೊಂಡು ಹತ್ತಿದಳು;
ವಸ್ತ್ರವನ್ನು ಕೇಳಲೂ ಇಲ್ಲ, ಬಿಚ್ಚಲೂ ಇಲ್ಲ.
ಬಟ್ಟೆ ಹಿಡಿದು ಹೋದರು.
ತಿರುವಿನವರೆಗೂ ನೋಡಿದೆ.

ಆ ರಾತ್ರಿ ಚೆಟ್ಟಿಮಾನಿಯಿಂದ ಇನ್ನೊಂದು ಹೆರಿಗೆ.
ಗೌಡರ ಮನೆಯ ಚೋಮಕ್ಕ ಬಾಗಿಲಲ್ಲಿ.
ಕಲಿತವಳ ಗತ್ತಿನಲ್ಲಿ ಕೈ ಚಾಚಿ 'ತುಣಿ' ಅಂದೆ.
ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ,
'ತುಣಿಯಾ? ಬಟ್ಟೆ ಬೇಕಿದ್ದರೆ
ಬಟ್ಟೆ ಅನ್ನಬಾರದಾ ಸಿಸ್ಟರ್?' ಅಂದಳು.